ಬೇಡ, ಬೇರೆ

ಹೆದರಿಕೆಯಾದರೆ ಒಬ್ಬೊಬ್ಬರಿಗೆ ಒಂದೊಂದು ಕೆಡುತ್ತದೆ. ನನ್ನ ಗಂಡನಿಗೆ ಹೊಟ್ಟೆ ಕೆಡುತ್ತಿತ್ತು. ಅಣ್ಣನಿಗೆ ತಲೆ ಕೆಡುತ್ತದೆ. ನನಗೆ ಮಾತಿನ ಬಾಲ ಬಿದ್ದುಹೋಗುತ್ತದೆ. ‘ನೀರು ಬೇಕಾ’ ಎಂದು ಕೇಳಲು ಹೊರಟವಳಿಗೆ ‘ನೀರು ಬೇ’ ಎನ್ನುವಷ್ಟರಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ; ಉಳಿದದ್ದನ್ನು ಎದುರಿನವರು ತಮಗೆ ತೋಚಿದಂತೆ ತುಂಬಿಕೊಳ್ಳಬೇಕು. ಇಂಥ ಗಂಟಲು ಇಟ್ಟುಕೊಂಡು ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ಸೇರಿದವಳು ನಾನೊಬ್ಬಳೇ ಇರಬೇಕು. ಅಲ್ಲಿ ನನ್ನನ್ನು ಎಲ್ಲರೂ ಪಿಸುಮಾತಕ್ಕ ಎಂದೇ ಕರೆಯುತ್ತಾರೆ.

ನಮ್ಮ ಹೋಟೆಲಿನಲ್ಲಿ ಆರ್ಡರ್ ಬರೆದುಕೊಡುವ ಪದ್ಧತಿ ಇಲ್ಲ. ಹಾಲ್‌ಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇದೆ, ಅದಕ್ಕೊಂದು ಕಲ್ಲಿನ ಕಟ್ಟೆ. ಕಿಂಡಿಯ ಮುಂದೆ ನಿಂತು ನಾವು ಕೂಗಬೇಕು; ಒಳಗಿನಿಂದ ಅಡುಗೆಯವನು ಅದನ್ನೇ ತಿರುಗಿ ಕೂಗಬೇಕು. ಮರುಕೂಗು ಎನ್ನುತ್ತೇವೆ. ಮರುಕೂಗು ಕಿವಿಗೆ ಬೀಳುವ ತನಕ ಕಿಂಡಿ ಬಿಟ್ಟು ಕದಲಬಾರದು. ಅಡುಗೆಯವನಿಗೆ ನಾವಿಟ್ಟ ಹೆಸರು ಗುಡುಗು. ಅವನು ಮರುಕೂಗು ಕೊಟ್ಟರೆ ಕಟ್ಟೆಯ ಮೇಲಿನ ಲೋಟಗಳು ಕಿಣಿಗುಟ್ಟುತ್ತವೆ. ನನ್ನ ದನಿ ಅವನ ಒಲೆಯ ತನಕ ಹೋಗುವುದೇ ಕಷ್ಟ. "ಬಾಯಿ ಬಿಡು ಅಕ್ಕಾ, ಮುತ್ತೇನೂ ಉದುರಲ್ಲ" ಎಂದು ದಿನಕ್ಕೊಂದು ಸಲವಾದರೂ ರೇಗಿಸುತ್ತಾನೆ.

ನಮ್ಮಲ್ಲಿ ಹೆಚ್ಚು ಖರ್ಚಾಗುವುದು ಬಿಳಿ ಗ್ರೇವಿ. ಅದು ಮಂದವಾಗುವುದು ಅರೆದ ಗೋಡಂಬಿಯಿಂದ. ಮೇಲೆ ಹುರಿದ ಗೋಡಂಬಿಯನ್ನೂ ಉದುರಿಸುತ್ತಾರೆ. ಹುರಿದದ್ದು ಗ್ರೇವಿಯಲ್ಲಿ ನೆನೆದು ಮೆತ್ತಗಾದರೆ ಕೆಲವರಿಗೆ ಸೇರುವುದಿಲ್ಲ. ಅಂಥವರಿಗೆ ‘ಗೋಡಂಬಿ ಬೇರೆ’ ಎಂದು ಕೂಗುತ್ತೇವೆ, ಅದು ಪುಟ್ಟ ಬಟ್ಟಲಲ್ಲಿ ಬರುತ್ತದೆ. ಗೋಡಂಬಿಯನ್ನೇ ತಿನ್ನಬಾರದವರಿಗೆ ‘ಗೋಡಂಬಿ ಬೇಡ’ ಎಂದು ಕೂಗುತ್ತೇವೆ. ಆಗ ಗುಡುಗು ಇನ್ನೊಂದು ಬಾಣಲೆ ಇಟ್ಟು ಹಾಲು, ಮೈದಾ ಹಾಕಿ ಗ್ರೇವಿಯನ್ನೇ ಹೊಸದಾಗಿ ಮಾಡುತ್ತಾನೆ. ತಟ್ಟೆಗೆ ಬಂದ ಮೇಲೆ ಇವೆರಡೂ ನೋಡಲು ಒಂದೇ ಥರ, ಬೆಳ್ಳಗೆ, ಮೇಲೆ ಏನೂ ಇಲ್ಲದೆ.

ನಾನು ಈ ಕೆಲಸಕ್ಕೆ ಸೇರಿದ್ದು ಗಂಡ ಹೋದ ಮೇಲೆ. ಅಣ್ಣ ಬಂದು, "ನಮ್ಮನೇಲೇ ಬಂದಿದ್ದುಬಿಡು. ನಿನ್ನ ಅತ್ತಿಗೆಗೂ ಮಂಡಿ ನೋವು. ಅಡುಗೆ ಮಾಡ್ಕೊಂಡು, ಬಂದೋರಿಗೆ ಬಡಿಸ್ಕೊಂಡು ಆರಾಮಾಗಿರು" ಎಂದಿದ್ದ. ಬಡಿಸುವುದೇ ಆದರೆ ಸಂಬಳ ಬರುವ ಕಡೆ ಬಡಿಸೋಣ ಎಂದು ನಾನು ಹೋಟೆಲಿಗೆ ಸೇರಿದೆ. ದೊಡ್ಡ ಕಚೇರಿಯಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತು ನಿವೃತ್ತನಾದ ಅಣ್ಣನಿಗೆ ಇದು ಮುಖಕ್ಕೆ ಹೊಡೆದಂತಾಯಿತು. "ಊರೋರ ಎಂಜಲು ಎತ್ತೋಕೆ ಹೋಗ್ತೀಯಾ?" ಎಂದು ಕೂಗಾಡಿದ. ಅದನ್ನೇ ಅವನ ಮನೆಯಲ್ಲಿ ಎತ್ತಿದ್ದರೆ ಎಂಜಲಾಗುತ್ತಿರಲಿಲ್ಲ, ಮನೆಗೆಲಸ ಆಗುತ್ತಿತ್ತು. ಇದನ್ನು ನಾನು ಅವನಿಗೆ ಹೇಳಲಿಲ್ಲ. ಹೇಳಲು ಹೋಗಿದ್ದರೂ ಅರ್ಧಕ್ಕೇ ಬಾಲ ಬೀಳುತ್ತಿತ್ತು.

ಅವನ ಮಗಳನ್ನು ಎತ್ತಿ ಆಡಿಸಿದ್ದು, ಜಡೆ ಹಾಕಿದ್ದು, ಕೈಹಿಡಿದು ಶಾಲೆಗೆ ಬಿಟ್ಟಿದ್ದು ನಾನು. "ಅತ್ತೆ, ನೀನು ಬಾ, ಅತ್ತೆ, ನೀನೇ ತಿನ್ನಿಸು" ಎಂದು ನನ್ನ ಸೆರಗು ಬಿಡದ ಹುಡುಗಿ. ಅವಳ ಮದುವೆ ಗೊತ್ತಾದಾಗ ಅಣ್ಣ ಫೋನ್ ಮಾಡಿ, "ಮದುವೆ ದಿನ ಬೇಡ, ಬೇರೆ ದಿನ ಬಾ" ಎಂದ. ಬೀಗರ ಮುಂದೆ ನನ್ನನ್ನು ಏನೆಂದು ಹೇಳುವುದು ಎಂಬ ಚಿಂತೆ ಅವನಿಗೆ. ತಂಗಿ ದೂರದ ಊರಿನಲ್ಲಿದ್ದಾಳೆ ಎಂದು ಹೇಳಿಬಿಟ್ಟಿದ್ದನಂತೆ. ಆ ದೂರದ ಊರಿನಿಂದ ಅವನ ಮನೆಗೆ ಒಂದೇ ಬಸ್ಸು, ಕೂತು ಕಣ್ಣು ಮುಚ್ಚುವಷ್ಟರಲ್ಲಿ ಇಳಿಯಬೇಕು. ಆ ಬೇರೆ ದಿನ ಬರಲೇ ಇಲ್ಲ. ಹುಡುಗಿಗೆ ಮಗುವಾಯಿತು, ಅವಳು ಕದ್ದುಮುಚ್ಚಿ ಕಳಿಸಿದ ಒಂದೆರಡು ಫೋಟೋಗಳಲ್ಲಿ ನಾನು ಮಗುವನ್ನು ಕಂಡೆ.

ಹೋಟೆಲಿನಲ್ಲಿ ನನಗೆ ಕೆಲಸ ಕಲಿಸಿದ್ದು ಉದ್ದಣ್ಣ, ನಮ್ಮಲ್ಲೆಲ್ಲ ಹಳಬ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಮೊದಲ ದಿನ ನನ್ನ ಕೈಯಲ್ಲಿ ತಟ್ಟೆಗಳು ಗಡಗಡ ಎನ್ನುವುದನ್ನು ನೋಡಿ ಪಕ್ಕಕ್ಕೆ ಕರೆದ. "ನೋಡಕ್ಕ, ಅಡುಗೆಯವನ ಕೈ ಕಿಂಡಿ ತನಕ. ಧಣಿ ಕೈ ಗಲ್ಲಾ ತನಕ. ತಟ್ಟೆ ಬಾಯಿ ಹತ್ರ ಹೋಗೋವಾಗ ಕೊನೇ ಕೈ ನಿಂದೇ. ನಿನ್ನಿಂದಾಚೆ ಯಾರೂ ಇಲ್ಲ. ಅನುಮಾನ ಬಂದ್ರೆ ಇಡ್ಬೇಡ" ಎಂದ. ಪಾಪ, ಧೈರ್ಯ ತುಂಬಲೆಂದು ಹೇಳಿದ್ದು. ನನಗೆ ಆಮೇಲೆ ಎಷ್ಟೋ ದಿನ ಕೈಗಳನ್ನು ನೋಡಿಕೊಂಡರೇ ಭಯವಾಗುತ್ತಿತ್ತು. ಆದರೂ ಆ ಮಾತಿನಿಂದ ನನಗೊಂದು ಬೆಲೆ ಬಂದಂತೆಯೂ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಈಚೆಗೆ ಧಣಿಗೆ ವಯಸ್ಸಾಗಿ ಅವರ ಅಳಿಯ ಬಂದು ಕೂತಿದ್ದಾನೆ. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು, ಕೆಲಸ ಮಾತ್ರ ಗೊತ್ತಿಲ್ಲ. ಬಂದವನೇ ಹೊಸ ಕಟ್ಟಳೆ ಮಾಡಿದ: ಹಾಲ್‌ನಲ್ಲಿ ಓಡಬಾರದು, ದನಿ ಎತ್ತಬಾರದು, ಗಿರಾಕಿಯ ತಟ್ಟೆಯನ್ನು ಕೇಳದೆ ಮುಟ್ಟಬಾರದು. ತಪ್ಪಿದರೆ ಮನೆಗೆ. ನನಗೇನೂ ಕಷ್ಟವಾಗಲಿಲ್ಲ, ಇವೆಲ್ಲ ನನ್ನ ಹುಟ್ಟುಗುಣ.

ಆ ಭಾನುವಾರ ಮಧ್ಯಾಹ್ನ ಹಾಲ್ ತುಂಬಿ, ಜನ ಬಾಗಿಲಲ್ಲೂ ನಿಂತಿದ್ದರು. ಕಿಟಕಿ ಪಕ್ಕದ ಟೇಬಲ್ ನನ್ನ ಪಾಲಿನದು. ಅಲ್ಲಿ ಎದ್ದುಹೋದವರ ಲೋಟಗಳನ್ನು ಎತ್ತಿಕೊಂಡು ತಿರುಗಿದರೆ ಎದುರಿಗೆ ಅಣ್ಣ. ಹಿಂದೆ ಅವನ ಮಗಳು, ಅವಳ ಕಂಕುಳಲ್ಲಿ ಮಗು, ಜೊತೆಗೆ ಅವಳ ಅತ್ತೆ, ಅಂದರೆ ಅಣ್ಣನ ಬೀಗಿತ್ತಿ. ನಾನು ಯಾವ ಹೋಟೆಲಿನಲ್ಲಿದ್ದೇನೆಂದು ಅಣ್ಣ ಎಂದೂ ಕೇಳಿದವನಲ್ಲ. ಕೇಳಿದ್ದರೆ ಅಲ್ಲಿಗೆ ಬರುತ್ತಿರಲಿಲ್ಲ. ಅವನ ಮುಖ ಒಂದು ಕ್ಷಣ ಸುಣ್ಣದಂತಾಯಿತು. ಆಮೇಲೆ ಗಂಟಲು ಸರಿಮಾಡಿಕೊಂಡು, "ನೋಡೀಮ್ಮಾ, ಸ್ವಲ್ಪ ಟೇಬಲ್ ಒರೆಸಿ" ಎಂದ.

ಹುಟ್ಟಿದಾಗಿನಿಂದ ನನ್ನನ್ನು ‘ಏನೇ’, ‘ಬಾರೇ’ ಎಂದವನು ‘ಒರೆಸಿ’ ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಬಹುವಚನ ಕಿವಿಗೆ ಬಿದ್ದದ್ದೇ ನನ್ನ ಗಂಟಲು ಕಟ್ಟಿಕೊಂಡಿತು. ಈಗ ಇವನ ಮಾನ ನನ್ನ ಬಾಯಲ್ಲಿದೆ, ನಾನೊಂದು ತಪ್ಪು ಮಾತಾಡಿದರೆ ಹುಡುಗಿಯ ಸಂಸಾರಕ್ಕೆ ಏನಾಗುತ್ತದೋ ಎಂದು ಕಾಲಿನಿಂದ ತಲೆಯವರೆಗೆ ಹೆದರಿಕೆ ಹತ್ತಿತು. ಒರೆಸಿದೆ.

ಹುಡುಗಿ ನನ್ನನ್ನು ನೋಡಿ, ಅಪ್ಪನನ್ನು ನೋಡಿ, ಕಣ್ಣು ತುಂಬಿಕೊಂಡು ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಮಗುಗೆ ಒಂದು ಬಿಳಿ ಗ್ರೇವಿ, ಅನ್ನ. ಆದ್ರೆ ಅವನಿಗೆ ಗೋಡಂಬಿ ಆಗಲ್ಲ. ಒಂದು ಚೂರೂ ಬೇಡ. ಹೋದ್ಸಲ ಉಸಿರೇ ಕಟ್ಟಿಹೋಗಿತ್ತು, ಆಸ್ಪತ್ರೆ ಕಂಡು ಬಂದ್ವಿ. ದಯವಿಟ್ಟು ಒಳಗೆ ಹೇಳಿ."

ಅವಳೂ ‘ಹೇಳಿ’ ಎಂದಳು.

"ನಮ್ಮ ಸೊಸೆ ಬ್ಯಾಗಲ್ಲಿ ಔಷಧಿ ಇಟ್ಕೊಂಡೇ ಓಡಾಡ್ತಾಳಮ್ಮಾ" ಎಂದರು ಬೀಗಿತ್ತಿ. "ಪೆನ್ನಿನ ಥರ ಇರುತ್ತೆ, ತೊಡೆಗೆ ಚುಚ್ಚೋದು. ದೇವರ ದಯೆ, ಇನ್ನೂ ಬೇಕಾಗಿಲ್ಲ." ದುಂಡು ಮುಖದ, ಮಾತು ಬಲ್ಲ ಹೆಂಗಸು. ಇಷ್ಟು ಗಲಾಟೆಯಲ್ಲಿ ಬಡಿಸುವವಳ ಮುಖ ನೋಡಿ ಮಾತಾಡಿದ ಮೊದಲ ಗಿರಾಕಿ ಅವರೇ.

ಕಿಂಡಿಗೆ ಬಂದೆ. ಕಾಲುಗಳು ಸರಿಯಾಗಿಯೇ ನಡೆದವು, ಗಂಟಲು ಮಾತ್ರ ಮುಷ್ಟಿ ಕಟ್ಟಿದಂತಿತ್ತು. "ಕಿಟಕಿಗೆ ಒಂದು ಬಿಳಿ, ಗೋಡಂಬಿ ಬೇ..."

"ಜೋರಾಗಿ ಅಕ್ಕಾ!"

"ಗೋಡಂಬಿ ಬೇ...ಡ" ಎಂದೆ. ಎಂದೆನೆಂದೇ ನಾನು ತಿಳಿದದ್ದು. ಅದೇ ಹೊತ್ತಿಗೆ ಒಳಗೆ ಯಾರೋ ಮಿಕ್ಸಿ ಹಾಕಿದರು. ಅದರ ಗರಗರದ ಮಧ್ಯೆ ಗುಡುಗಿನ ಮರುಕೂಗು ಬಂತು: "ಕಿಟಕಿಗೊಂದು ಬಿಳಿ, ಗೋಡಂಬಿ ಬೇ..." ಉಳಿದದ್ದನ್ನು ಮಿಕ್ಸಿ ತಿಂದಿತು. ಇನ್ನೊಂದು ಸಲ ಕೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಕಿವಿಯ ಹತ್ತಿರ ಧಣಿಯ ಅಳಿಯನ ದನಿ. "ಕಿಟಕಿ ಟೇಬಲ್‌ಗೆ ನೀರೇ ಇಟ್ಟಿಲ್ಲ. ದೊಡ್ಡ ಮನುಷ್ಯರ ಥರ ಕಾಣ್ತಾರೆ. ಇಲ್ಲಿ ನಿಂತು ಹರಟೆನಾ?"

ನೀರಿನ ಜಗ್ಗು ಎತ್ತಿಕೊಂಡು ಹೋದೆ.

ಲೋಟಗಳಿಗೆ ಸುರಿಯುತ್ತಿದ್ದಾಗ ಬೀಗಿತ್ತಿ, "ನಿಮ್ದು ಊಟ ಆಯ್ತೇನಮ್ಮಾ? ಯಾವೂರು ನಿಮ್ದು?" ಎಂದು ಕೇಳಿದರು. ಅಣ್ಣ ಕೆಮ್ಮಿದ.

"ದೂರ" ಎಂದೆ. "ದೂರದ ಊರು."

ಅಣ್ಣ ಕಿಟಕಿಯಾಚೆ ನೋಡತೊಡಗಿದ. ಮಗು ಮಾತ್ರ ನನ್ನನ್ನೇ ನೋಡುತ್ತಿತ್ತು. ನನ್ನಪ್ಪನ ಕಿವಿಗಳು ಅದಕ್ಕೆ, ಅಗಲಕ್ಕೆ, ಸ್ವಲ್ಪ ಹೊರಗೆ ಬಾಗಿದವು. ಮುಟ್ಟಬೇಕೆನ್ನಿಸಿತು. ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪಕ್ಕದ ಟೇಬಲಿಗೆ ಸರಿದೆ. ಅಲ್ಲಿ ಸೂಪ್ ಆರಿದೆ ಎಂದರು, ಅದರಾಚೆಯವರು ಚಮಚ ಬಿದ್ದಿತು ಎಂದರು, ಇನ್ಯಾರೋ ಐಸ್‌ಕ್ರೀಮ್ ಕೇಳಿದರು. ‘ಗೋಡಂಬಿ ಬೇ’ ಎಂಬುದು ತಲೆಯ ಮೂಲೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ತಟ್ಟೆಯನ್ನು ಎತ್ತಿಕೊಳ್ಳುವಾಗ ಕೇಳಿದರಾಯಿತು, ಎತ್ತಿಕೊಳ್ಳುವವಳು ನಾನೇ ತಾನೆ ಎಂದು ಸಮಾಧಾನ ಮಾಡಿಕೊಂಡೆ.

ಕಿಂಡಿಗೆ ಹೋದಾಗ ಕಟ್ಟೆಯ ಮೇಲೆ ತಟ್ಟೆ ಇರಲಿಲ್ಲ. ಒಂದು ಪುಟ್ಟ ಬಟ್ಟಲಿತ್ತು. ಅದರ ತುಂಬ ಹುರಿದ ಗೋಡಂಬಿ, ಇನ್ನೂ ಬಿಸಿ, ಹೊಂಬಣ್ಣ.

"ಇದ್ಯಾರ್ದು?" ಎಂದೆ.

"ಕಿಟಕೀದೇ" ಎಂದ ಗುಡುಗು. "ಬಿಳಿ ಗ್ರೇವಿ, ಗೋಡಂಬಿ ಬೇರೆ. ಅಳಿಯಂದಿರು ತಾವೇ ಬಡಿಸ್ತೀನಿ ಅಂತ ತಟ್ಟೆ ಎತ್ಕೊಂಡು ಹೋದ್ರು. ಬಟ್ಲು ಬಿಟ್ಟೇ ಹೋದ್ರು ನೋಡು, ಅಷ್ಟೂ ತಿಳಿಯಲ್ಲ."

ತಟ್ಟೆಯ ಮೇಲೆ ಗೋಡಂಬಿ ಕಾಣುವುದಿಲ್ಲ. ಹುಡುಗಿ ನೋಡುತ್ತಾಳೆ, ಇಲ್ಲ ಎಂದು ನೆಮ್ಮದಿಯಾಗುತ್ತಾಳೆ. ಗೋಡಂಬಿಯೆಲ್ಲ ಗ್ರೇವಿಯ ಒಳಗಿದೆ.

ಓಡಿದೆ. ಕಿಂಡಿಯಿಂದ ಕಿಟಕಿ ಟೇಬಲ್ ಹಾಲ್‌ನ ಇನ್ನೊಂದು ತುದಿ. ಕುರ್ಚಿಗಳು, ಬ್ಯಾಗುಗಳು, ಚಾಚಿದ ಕಾಲುಗಳು. ಯಾರದೋ ಮೊಣಕೈಗೆ ತಾಗಿ ಸಾಸಿನ ಸೀಸೆ ಉರುಳಿತು. ಅಳಿಯ ಬಾಗಿ, ನಗುತ್ತ ತಟ್ಟೆ ಇಟ್ಟು ಹಿಂದೆ ಸರಿಯುತ್ತಿದ್ದ. ಹುಡುಗಿ ತಟ್ಟೆಯನ್ನು ಬಗ್ಗಿ ನೋಡಿ ತಲೆಯಾಡಿಸಿದಳು. ಅಣ್ಣ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಮಚ ಎತ್ತಿದ, ಊದಿದ. ಮಗು ಬಾಯಿ ತೆರೆಯಿತು.

ಕೂಗಬೇಕು. ದನಿ ಬರುತ್ತಿಲ್ಲ. ಕನಸಿನಲ್ಲಿ ಆಗುತ್ತದಲ್ಲ, ಹಾಗೆ. "ಅಣ್..." ಎಂದೆ, ನನಗೇ ಕೇಳಿಸಲಿಲ್ಲ. ಚಮಚ ಮಗುವಿನ ತುಟಿಯ ಹತ್ತಿರ ಬಂತು. ಈ ಸಲವೂ ಬಾಲ ಬಿದ್ದರೆ ಈ ಮಗು ನನ್ನ ಕಣ್ಣೆದುರೇ ಹೋಗುತ್ತದೆ ಎಂದು ತಿಳಿದು ಹೊಟ್ಟೆಯ ಆಳದಿಂದ ಏನೋ ಕಿತ್ತುಕೊಂಡು ಬಂತು.

"ಅಣ್ಣಾ! ತಿನ್ನಿಸ್ಬೇಡ ಕಣೋ!"

ಇಡೀ ಹಾಲ್ ತಿರುಗಿ ನೋಡಿತು. ಗುಡುಗು ಕೂಡ ಕಿಂಡಿಯಿಂದ ತಲೆ ಹೊರಹಾಕಿದನಂತೆ. ಗಿರಾಕಿಯನ್ನು ಅಣ್ಣಾ ಎಂದು ಎಲ್ಲರೂ ಕರೆಯುತ್ತಾರೆ, ಅದರಲ್ಲೇನಿಲ್ಲ. ಆದರೆ ‘ಕಣೋ’ ಎಂದು ಯಾರೂ ಗಿರಾಕಿಗೆ ಹೇಳುವುದಿಲ್ಲ.

ಅಣ್ಣನ ಕೈ ಬೆಚ್ಚಿಬಿದ್ದು ಚಮಚ ವಾಲಿತು. ಅರ್ಧ ಕೆಳಗೆ ಚೆಲ್ಲಿತು, ಅರ್ಧ ಮಗುವಿನ ತುಟಿಗೆ, ನಾಲಿಗೆಗೆ ತಾಗಿತ್ತು. ನಾನು ಹೋಗಿ ಅವನ ಕೈಯಿಂದ ಚಮಚ ಕಿತ್ತೆಸೆದು, ತಟ್ಟೆಯನ್ನು ದೂರ ತಳ್ಳಿ, ಮಗುವಿನ ಬಾಯಿಗೆ ಬೆರಳು ಹಾಕಿ ಬಳಿದು ತೆಗೆದೆ. ಮಗು ಕಿರುಚಿತು.

"ಯಾರ್ರೀ ನೀವು? ಕೈ ತೆಗೀರಿ!" ಎಂದು ಅಣ್ಣ ಎದ್ದ. ಆಗಲೂ ‘ತೆಗೀರಿ’.

"ಏನ್ರೀ ಇದು, ತಲೆ ಕೆಟ್ಟಿದೆಯಾ?" ಎಂದು ಅಳಿಯ ನನ್ನ ತೋಳು ಹಿಡಿದ.

"ಗೋಡಂಬಿ ಇದೆ. ಗ್ರೇವಿ ಒಳಗೇ ಅರೆದು ಹಾಕಿದೆ" ಎಂದೆ.

"ಬೇಡ ಅಂದಿದ್ನಲ್ಲಾ!" ಎಂದು ಹುಡುಗಿ ಚೀರಿ ಮಗುವನ್ನು ಎತ್ತಿಕೊಂಡಳು.

ಮೊದಲು ಏನೂ ಆಗಲಿಲ್ಲ. ಮಗು ಅಳು ನಿಲ್ಲಿಸಿ ಸುತ್ತ ನೋಡಿತು. ಅಣ್ಣ ಅಂಗಿ ಕೊಡವಿಕೊಳ್ಳುತ್ತ ಅಳಿಯನ ಕಡೆ ತಿರುಗಿ, "ಇಂಥೋರನ್ನೆಲ್ಲ ಕೆಲಸಕ್ಕೆ..." ಎಂದು ಶುರುಮಾಡಿದ. ಹೌದು, ಏನೂ ಆಗದಿರಲಿ, ನನಗೆ ತಲೆ ಕೆಟ್ಟಿದೆ ಎಂದೇ ಆಗಲಿ, ಈಗಲೇ ಮನೆಗೆ ಕಳಿಸಲಿ ಎಂದು ನಾನು ಕಂಡ ದೇವರಿಗೆಲ್ಲ ಮೊರೆಯಿಟ್ಟೆ. ಮಗು ಬಾಯಿ ಉಜ್ಜಿಕೊಂಡಿತು. ಇನ್ನೊಮ್ಮೆ ಉಜ್ಜಿಕೊಂಡಿತು. ಕೆನ್ನೆಯ ಮೇಲೆ ಕೆಂಪು ಗಂಧೆಗಳು ಎದ್ದವು. ನೋಡನೋಡುತ್ತ ಮೇಲ್ತುಟಿ ಊದಿ ಮೂಗಿನ ಕಡೆ ತಿರುಗಿತು. ಆಮೇಲೆ ಕೆಮ್ಮು, ಒಣ ಕೆಮ್ಮು, ಪ್ರತಿ ಕೆಮ್ಮಿನ ಕೊನೆಗೂ ಒಂದು ಸಣ್ಣ ಸೀಟಿ.

ಅಣ್ಣ ಅಂಗಿ ಬಿಟ್ಟು ಮಗುವಿನ ಕಡೆ ತಿರುಗಿದ.

ಹುಡುಗಿ ಒಂದೇ ಕೈಯಲ್ಲಿ ಬ್ಯಾಗಿನ ಜಿಪ್ ಎಳೆದಳು. ಅದು ಬಟ್ಟೆಗೆ ಸಿಕ್ಕಿಕೊಂಡಿತು. ಇನ್ನೊಂದು ಕೈಯಲ್ಲಿ ಮಗು ಒದ್ದಾಡುತ್ತಿತ್ತು. ಬಿಳಿಚಿದ ಮುಖ ಎತ್ತಿ ಅವಳು ಕೂಗಿದಳು. "ಅತ್ತೇ, ಮಗು ಹಿಡ್ಕೋ!"

ಇಬ್ಬರು ಅತ್ತೆಯರು ಕೈ ಚಾಚಿದೆವು. ಬೀಗಿತ್ತಿ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ. ಬೀಗಿತ್ತಿಗೆ ಅವಳು ‘ಹಿಡ್ಕೋ’ ಎನ್ನುವವಳಲ್ಲ, ಗಂಡನ ತಾಯಿಗೆ ‘ಹಿಡ್ಕೊಳ್ಳಿ’ ಎನ್ನುತ್ತಾಳೆ. ಮಗು ನನ್ನ ಕೈಗೆ ಬಂತು. ಬೀಗಿತ್ತಿಯ ಕೈಗಳು ಗಾಳಿಯಲ್ಲೇ ನಿಂತವು. ಅವರು ನನ್ನನ್ನು ನೋಡಿದರು, ಆಮೇಲೆ ಅಣ್ಣನನ್ನು ನೋಡಿದರು.

"ಕಾಲು ಗಟ್ಟಿಯಾಗಿ ಹಿಡ್ಕೋ ಅತ್ತೆ, ಒಂಚೂರೂ ಅಲ್ಲಾಡಬಾರ್ದು" ಎಂದಳು ಹುಡುಗಿ. ಕೈಯಲ್ಲಿ ಪೆನ್ನಿನಂಥ ಔಷಧಿ.

ಹಿಡಿದೆ. ಇಷ್ಟು ವರ್ಷ ಕಾದ ತಟ್ಟೆಗಳನ್ನು ಹಿಡಿದೂ ಹಿಡಿದೂ ನನ್ನ ಕೈಗೆ ಒಂದು ಅಭ್ಯಾಸವಾಗಿದೆ. ಒಳಗೆ ಎಷ್ಟೇ ನಡುಕವಿದ್ದರೂ ಬೆರಳು ಬಿಡುವುದಿಲ್ಲ. ಬಿಟ್ಟರೆ ಯಾರದೋ ಮಡಿಲಿಗೆ ಸುರಿಯುತ್ತದೆ. ಮಗುವಿನ ತೊಡೆ ನನ್ನ ಅಂಗೈಯಲ್ಲಿ ಹಿಡಿಯಷ್ಟೇ ಇತ್ತು. ಟಕ್ ಎಂದು ಸದ್ದಾಯಿತು. ಅವಳು ಒತ್ತಿ ಹಿಡಿದಳು, ನಾನೂ ಹಿಡಿದೇ ಇದ್ದೆ. ಮಗು ಒದೆಯಲು ನೋಡಿ, ಆಗದೆ, ನನ್ನ ಕಣ್ಣನ್ನೇ ನೋಡುತ್ತ ಸೀಟಿಯ ಉಸಿರೆಳೆಯಿತು.

ಹೇಳಬೇಕಾದ್ದನ್ನು ಹೇಳಬೇಕು, ಅಳಿಯ ಆಗ ಒಂದು ಮಾತೂ ಆಡದೆ ಓಡಿಹೋಗಿ ತನ್ನ ಕಾರನ್ನು ಬಾಗಿಲಿಗೇ ತಂದ. ಉದ್ದಣ್ಣ ಮುಂದೆ ಮುಂದೆ ಜನರನ್ನು ಸರಿಸಿ ದಾರಿ ಬಿಡಿಸಿದ. ಹಿಂದಿನ ಸೀಟಿನಲ್ಲಿ ಹುಡುಗಿ, ನಾನು, ನನ್ನ ಮಡಿಲಲ್ಲಿ ಮಗು, ಆ ಬದಿಗೆ ಬೀಗಿತ್ತಿ, ಮುಂದೆ ಅಣ್ಣ. ರಸ್ತೆಯಲ್ಲಿ ಯಾವ ದೀಪ ಹಸಿರಾಯಿತೋ, ಯಾವುದು ಕೆಂಪಾಯಿತೋ. ನಾನು ಮಗುವಿನ ಬಾಯಿಯ ಹತ್ತಿರ ಕಿವಿ ಇಟ್ಟು ಕೂತಿದ್ದೆ. ಒಂದು ಸೀಟಿ ಮುಗಿದು ಇನ್ನೊಂದು ಬರುವ ತನಕ ನನ್ನ ಉಸಿರೂ ನಿಲ್ಲುತ್ತಿತ್ತು. ಒಂದು ‘ಡ’ ನನ್ನ ಬಾಯಿಂದ ಸರಿಯಾಗಿ ಹೊರಟಿದ್ದರೆ ಈ ಮಗು ಈಗ ಐಸ್‌ಕ್ರೀಮ್ ಕೇಳುತ್ತ ಕೂತಿರುತ್ತಿತ್ತು. ಆ ಯೋಚನೆ ಬಂದಾಗಲೆಲ್ಲ ಕಾರಿನ ಬಾಗಿಲು ತೆಗೆದು ಹಾರಿಬಿಡೋಣ ಅನ್ನಿಸುತ್ತಿತ್ತು. ಮಗು ಮಡಿಲಲ್ಲಿತ್ತು, ಹಾಗಾಗಿ ಕೂತೇ ಇದ್ದೆ.

ಆಸ್ಪತ್ರೆಯಲ್ಲಿ ಮಗುವನ್ನೂ ತಾಯಿಯನ್ನೂ ಒಳಗೆ ಕರೆದುಕೊಂಡು ಬಾಗಿಲು ಹಾಕಿದರು. ಹೊರಗೆ ಉದ್ದನೆಯ ಬೆಂಚು. ಅಣ್ಣ ಒಂದು ತುದಿ, ನಾನು ಒಂದು ತುದಿ. ಬೀಗಿತ್ತಿ ಮಗನಿಗೆ ಫೋನ್ ಮಾಡುತ್ತ ಕಾರಿಡಾರಿನ ಕೊನೆಯಲ್ಲಿ ಓಡಾಡುತ್ತಿದ್ದರು. ನನ್ನ ಏಪ್ರನ್ ಮೇಲೆ ಬಿಳಿ ಗ್ರೇವಿ ಒಣಗಿ ಬಿರಿದಿತ್ತು. ಅದನ್ನು ಉಗುರಿನಿಂದ ಕೆರೆಯಲೂ ಭಯ. ಎಲ್ಲೋ ಒಂದು ಚೂರು ಗಾಳಿಗೆ ಹಾರಿ ಬಾಗಿಲ ಸಂದಿಯಿಂದ ಒಳಗೆ ಹೋದರೆ ಎಂದು ಏಪ್ರನ್ ಬಿಚ್ಚಿ, ಒಳಮುಖ ಮಾಡಿ ಮಡಿಚಿ, ಬಾತ್‌ರೂಮಿಗೆ ಹೋಗಿ ಮೊಣಕೈ ತನಕ ಸೋಪು ಹಚ್ಚಿ ತೊಳೆದುಕೊಂಡು ಬಂದೆ.

ವಾಪಸ್ಸು ಬಂದು ಕೂತು ಹೇಳಿದೆ. "ನಾನು ಬೇಡ ಅಂತಾನೇ ಕೂಗಿದ್ದು. ಗಂಟಲು ಕಟ್ಟಿತ್ತು. ಒಳಗೆ ಬೇರೆ ಅಂತ ಕೇಳಿಸ್ಕೊಂಡಿದಾರೆ. ನೀನು ನನ್ನ ‘ಒರೆಸಿ’ ಅಂದ್ಯಲ್ಲ, ಆವಾಗ್ಲೇ ಕಟ್ಟಿತು."

ಅಣ್ಣ ತನ್ನ ಬಲಗೈಯನ್ನು ತೊಡೆಯ ಮೇಲೆ ಮಲಗಿಸಿ ಅದನ್ನೇ ನೋಡುತ್ತಿದ್ದ, ಬೇರೆ ಯಾರದೋ ಕೈ ಎಂಬಂತೆ. "ನಾನೇ ತಿನ್ನಿಸ್ತಿದ್ದೆ ಕಣೇ" ಎಂದ. "ಊದಿ ಊದಿ ತಿನ್ನಿಸ್ತಿದ್ದೆ."

ಉದ್ದಣ್ಣ ಹೇಳಿದ ಕೊನೆಯ ಕೈ ನೆನಪಾಯಿತು. ಈ ಹೆದರಿಕೆ ಅಣ್ಣನಿಗೆ ಹೊಸದು, ನನಗೆ ದಿನದ್ದು. ಪ್ರತಿ ತಟ್ಟೆ ಇಡುವಾಗಲೂ ಇದರದೊಂದು ಚಿಕ್ಕ ಪಾಲನ್ನು ನುಂಗಿಕೊಂಡೇ ನಾನು ಇಡುತ್ತೇನೆ. ಅವನ ಮೇಲಿದ್ದ ಸಿಟ್ಟು ಹೋಗಲಿಲ್ಲ, ಆದರೆ ಬೆಂಚಿನ ಮೇಲೆ ಅವನ ಕಡೆ ಸ್ವಲ್ಪ ಸರಿದು ಕೂತೆ.

ಫೋನ್ ಬಂತು, ಉದ್ದಣ್ಣನದು. "ಮಗು ಹೇಗಿದೆ ಅಕ್ಕ? ಒಲೆ ಆರಿಸಿ ಕೂತಿದೀವಿ. ಗುಡುಗು ಅಳ್ತಾ ಇದಾನೆ, ಸದ್ದೇ ಇಲ್ಲದೆ."

"ಇನ್ನೂ ಏನೂ ಹೇಳಿಲ್ಲ" ಎಂದೆ. ಅವನು ಫೋನ್ ಇಡಲಿಲ್ಲ.

ಬಾಗಿಲು ತೆರೆಯಿತು. ನರ್ಸು ಹೊರಗೆ ಬಂದಳು. "ಉಸಿರು ಸರಿಯಾಗಿದೆ. ಆದ್ರೆ ಮತ್ತೆ ಬರಬಹುದು, ಇವತ್ತು ಇಲ್ಲೇ ಇರ್ಬೇಕು. ತಾಯಿಗೆ ತಲೆ ಸುತ್ತು ಬಂದಿದೆ, ಮಗು ಪಕ್ಕ ಕೂರೋಕೆ ಇನ್ನೊಬ್ರು ಬೇಕು. ಅತ್ತೆ ಬರಲಿ ಅಂತಿದಾರೆ. ಯಾರು ಅತ್ತೆ?"

ಬೀಗಿತ್ತಿ ಹತ್ತಿರ ಬಂದರು. ನನ್ನನ್ನು ನೋಡಿದರು. ಆಮೇಲೆ ಅಣ್ಣನ ಎದುರು ನಿಂತು ಕೇಳಿದರು. "ಬೀಗರೇ, ಇವರು ಯಾರು?"

ಇವನು ಈಗ ಏನಾದರೂ ಹೇಳಬಹುದು. ಹೋಟೆಲಿನವರು ಎನ್ನಬಹುದು, ಗೊತ್ತಿಲ್ಲ ಎನ್ನಬಹುದು. ಹಾಗಂದುಬಿಟ್ಟರೆ ನಾನು ಎದ್ದು ಹೋಗಬೇಕಾಗುತ್ತದೆ, ಒಳಗೆ ಹುಡುಗಿ ಕಾಯುತ್ತಲೇ ಇರುತ್ತಾಳೆ.

ಅಣ್ಣ ಎದ್ದು ನಿಂತ. "ನನ್ನ ತಂ..." ಎಂದ. ಅಷ್ಟೇ. ಅವನ ಗಂಟಲು ಮುಚ್ಚಿಕೊಂಡಿತು. ಅವನ ಬಾಯಲ್ಲಿ ಮಾತಿನ ಬಾಲ ಬಿದ್ದದ್ದನ್ನು ನಾನು ಜನ್ಮದಲ್ಲಿ ಮೊದಲ ಸಲ ಕಂಡೆ.

"ಕೇಳಿಸ್ಲಿಲ್ಲ" ಎಂದರು ಬೀಗಿತ್ತಿ.

ಫೋನಿನೊಳಗೆ ಉದ್ದಣ್ಣ ಇನ್ನೂ ಇದ್ದ. ನಾನು ಅಣ್ಣನ ಮುಖ ನೋಡಿದೆ. "ಬಾಯಿ ಬಿಡು ಅಣ್ಣ" ಎಂದೆ ಮೆಲ್ಲಗೆ. "ಮುತ್ತೇನೂ ಉದುರಲ್ಲ."

"ನನ್ನ ತಂಗಿ!" ಎಂದ. ಎಷ್ಟು ಜೋರಾಗಿ ಎಂದರೆ ಕಾರಿಡಾರಿನಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಒಡಹುಟ್ಟಿದ ತಂಗಿ. ದೂರದ ಊರಲ್ಲೇನೂ ಇಲ್ಲ. ಇಲ್ಲೇ, ಆ ಹೋಟ್ಲಲ್ಲಿ ಬಡಿಸೋ ಕೆಲಸ ಮಾಡ್ತಾಳೆ."

ಆ ಕೊನೆಯ ಮಾತು ಹೇಳೆಂದು ಅವನನ್ನು ಯಾರೂ ಕೇಳಿರಲಿಲ್ಲ.

ನಾನು ಕದಲಲಿಲ್ಲ. ಮರುಕೂಗು ಬರುವ ತನಕ ಕದಲಬಾರದು. ಬೀಗಿತ್ತಿ "ತಂಗಿ" ಎಂದರು, ಒಂದೊಂದೇ ಅಕ್ಷರ ಬಿಡಿಸಿ. "ಅಂದ್ರೆ ಮಗೂಗೆ ಇವರೂ ಅಜ್ಜೀನೇ. ನನಗೆ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ಬೀಗರೇ? ಹೋಗಮ್ಮಾ, ನೀನು ಒಳಗೆ ಹೋಗು."

ಒಳಗೆ ಹೋದೆ. ಮಗು ಮಲಗಿತ್ತು, ತುಟಿ ಇನ್ನೂ ದಪ್ಪ. ಹುಡುಗಿ ನನ್ನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ನಾಳೆ ಕೆಲಸಕ್ಕೆ ಹೋಗ್ತೀಯಾ ಅತ್ತೆ?" ಎಂದು ಕೇಳಿದಳು.

ಆ ಕಿಂಡಿಯ ಮುಂದೆ ಮತ್ತೆ ನಿಲ್ಲಬೇಕು ಎಂದು ನೆನೆದರೇ ಬೆವರು ಬಂತು. ಅಳಿಯ ಇಟ್ಟುಕೊಳ್ಳುತ್ತಾನೋ ಇಲ್ಲವೋ. ಇಟ್ಟುಕೊಂಡರೆ ಇನ್ನು ಮೇಲೆ ‘ಬೇಡ’ ಎಂದು ಕೂಗುವುದಿಲ್ಲ, ‘ಇಲ್ಲ’ ಎಂದು ಕೂಗುತ್ತೇನೆ, ಮಿಕ್ಸಿ ನಿಲ್ಲಿಸಿ ಕೂಗುತ್ತೇನೆ, ಮೂರು ಸಲ ಕೂಗುತ್ತೇನೆ. "ಹೋಗ್ತೀನಿ" ಎಂದೆ.

ಆಮೇಲೆ ಬಗ್ಗಿ ಮಗುವಿನ ಮೂಗಿನ ಹತ್ತಿರ ಕಿವಿ ಇಟ್ಟೆ. ಒಂದು ಉಸಿರು ಬಂತು. ಇನ್ನೊಂದಕ್ಕೆ ಕಾದೆ. ಅದೂ ಬಂತು.